ಸುಕ್ಕು ತೆಗೆಯುವ ಕ್ರೀಮ್ ಡಬ್ಬಿಯೊಳಗೆ ಏನಿದೆ? ಕೊಳ್ಳುವವರೂ ಮಾರುವವರೂ ತಿಳಿಯಬೇಕಾದ ವಿಷಯ

ರಾಣೆಬೆನ್ನೂರು: ಫ್ಯಾನ್ಸಿ ಸ್ಟೋರ್ ಇರಲಿ, ಮೆಡಿಕಲ್ ಶಾಪ್ ಇರಲಿ, ಕೌಂಟರ್ ಮುಂದಿನ ಮಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ.

“ಅಣ್ಣಾರ, ಮುಖದ ಸುಕ್ಕಿಗೆ ಒಂದ್ ಛಲೋ ಕ್ರೀಮ್ ಐತೇನ್ರಿ?”

“ಐತ್ರಿ ಅಕ್ಕಾರ. ನೂರು ರೂಪಾಯಿದೂ ಐತಿ, ಆರುನೂರರದ್ದೂ ಐತಿ. ಯಾವುದು ಕೊಡ್ಲಿ?”

“ಎರಡಕ್ಕೂ ಏನ್ ಫರಕ್ ಐತ್ರಿ?”

ಇಲ್ಲಿಗೆ ಮಾತು ನಿಂತುಬಿಡುತ್ತದೆ. ಕೇಳಿದವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಡಬ್ಬಿ ಹಿಂದೆ ಎಲ್ಲ ಬರೆದಿರುತ್ತದೆ ನಿಜ, ಆದರೆ ಇರುವೆ ಸಾಲಿನಂಥ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಅದನ್ನು ಓದುವ ಬದಲು ಮುಂದಿನ ಚಿತ್ರ ನೋಡಿ ದುಡ್ಡು ಕೊಟ್ಟು ಬರುವವರೇ ಜಾಸ್ತಿ. ದುಡ್ಡು ಹೋದರೆ ಹೋಗಲಿ ಅನ್ನಬಹುದು. ಆದರೆ ತಪ್ಪು ಕ್ರೀಮ್ ಹಚ್ಚಿದರೆ ಮುಖವೇ ಕೆಡುತ್ತದೆ, ಕೆಲವು ಕ್ರೀಮ್‌ಗಳಿಂದ ಕಿಡ್ನಿಗೂ ಪೆಟ್ಟು ಬಿದ್ದಿದೆ. ಹಾಗಾಗಿ ‘ಆ್ಯಂಟಿ ಏಜಿಂಗ್’ ಅಂತ ಬರೆದ ಕ್ರೀಮ್ ಒಳಗೆ ಏನೇನು ಇರುತ್ತದೆ, ಯಾವುದರಿಂದ ಎಷ್ಟು ಲಾಭ, ಯಾವುದು ಬರೀ ಹೆಸರಿಗೆ, ಯಾವುದನ್ನು ಕೈಯಲ್ಲೂ ಮುಟ್ಟಬಾರದು ಅನ್ನೋದನ್ನು ಇಲ್ಲಿ ಬಿಡಿಸಿ ಹೇಳಲಾಗಿದೆ.

ಸುಕ್ಕು ಬರೋದು ಯಾಕೆ?

ನಮ್ಮ ಚರ್ಮದ ತೀರಾ ಮೇಲಿನ ಪದರ ಇಟ್ಟಿಗೆ ಗೋಡೆ ಇದ್ದ ಹಾಗೆ. ಒಣಗಿದ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬಿನಂಶ ಗಾರೆ. ಈ ಗಾರೆ ಸರಿ ಇದ್ದರೆ ಒಳಗಿನ ನೀರು ಒಳಗೇ ಉಳಿಯುತ್ತದೆ. ಗಾರೆ ಸವೆದರೆ ನೀರು ಆವಿಯಾಗಿ ಹೋಗಿ ಚರ್ಮ ಬಿರಿಯುತ್ತದೆ, ಸಣ್ಣ ಸಣ್ಣ ಗೆರೆ ಎದ್ದು ಕಾಣುತ್ತವೆ. ಚಳಿಗಾಲದಲ್ಲಿ ಕೈಕಾಲು ಬೆಳ್ಳಗೆ ಒಡೆಯುವುದು ಇದೇ ಕಾರಣಕ್ಕೆ.

ಅದರ ಕೆಳಗಿನ ಪದರದಲ್ಲಿ ಕೊಲಾಜೆನ್, ಎಲಾಸ್ಟಿನ್ ಎಂಬ ನಾರುಗಳಿವೆ. ಮಂಚಕ್ಕೆ ಬಿಗಿದ ನವಾರು ಪಟ್ಟಿಯ ಥರ ಇವು ಚರ್ಮವನ್ನು ಬಿಗಿಯಾಗಿ ಹಿಡಿದಿಡುತ್ತವೆ. ವಯಸ್ಸಾದಂತೆ ಇವು ಕಡಿಮೆಯಾಗುತ್ತಾ ಹೋಗುತ್ತವೆ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತ ಮೇಲಿನ ಮೊದಲ ಕೆಲವು ವರ್ಷಗಳಲ್ಲಿ ಕೊಲಾಜೆನ್ ಇನ್ನೂ ಬೇಗ ಇಳಿಯುತ್ತದೆ. ನವಾರು ಸಡಿಲಾದರೆ ಮಂಚ ಜೋಲು ಬೀಳುವುದಿಲ್ಲವೇ, ಹಾಗೆ ಆಳವಾದ ಸುಕ್ಕು ಬೀಳುತ್ತದೆ.

ಇಲ್ಲಿ ವಯಸ್ಸೊಂದೇ ಕಾರಣ ಅಲ್ಲ. ದೊಡ್ಡ ಪಾಲು ಬಿಸಿಲಿನದು. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ‘ಯುವಿಬಿ’ ಚರ್ಮವನ್ನು ಸುಡುತ್ತದೆ, ‘ಯುವಿಎ’ ಆಳಕ್ಕೆ ಇಳಿದು ಕೊಲಾಜೆನ್ ನಾರುಗಳನ್ನು ಹರಿಯುತ್ತದೆ. ಯುವಿಎ ಕಿರಣ ಗಾಜನ್ನೂ ದಾಟಿ ಬರುತ್ತದೆ. ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 2012ರಲ್ಲಿ ಒಬ್ಬ ಟ್ರಕ್ ಡ್ರೈವರ್ ಫೋಟೊ ಪ್ರಕಟವಾಗಿತ್ತು. ವಯಸ್ಸು 69, ಟ್ರಕ್ ಓಡಿಸಿದ್ದು 28 ವರ್ಷ. ಅಲ್ಲಿ ಡ್ರೈವರ್ ಕೂರುವುದು ಎಡಗಡೆ. ಕಿಟಕಿ ಕಡೆಗಿದ್ದ ಎಡಗೆನ್ನೆ ಪೂರ್ತಿ ಸುಕ್ಕುಗಟ್ಟಿ ಜೋತುಬಿದ್ದಿತ್ತು, ಬಲಗೆನ್ನೆ ಅಷ್ಟು ಕೆಟ್ಟಿರಲಿಲ್ಲ. ಒಂದೇ ಮನುಷ್ಯ, ಒಂದೇ ವಯಸ್ಸು, ಎರಡು ಮುಖ. ನಮ್ಮಲ್ಲಿ ಡ್ರೈವರ್ ಕೂರುವುದು ಬಲಗಡೆ, ಹಾಗಾಗಿ ಬಲಗೆನ್ನೆಗೆ ಏಟು.

ಹೊಲದಾಗ ಬೀಜೋತ್ಪಾದನೆಯ ಕ್ರಾಸಿಂಗ್ ಕೆಲಸಕ್ಕೆ ಹೋಗುವವರು, ಸಂತೆಯಲ್ಲಿ ಬಯಲಲ್ಲೇ ಕೂತು ತರಕಾರಿ ಮಾರುವವರು, ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ಹರವುವವರು ದಿನಪೂರ್ತಿ ಬಿಸಿಲಲ್ಲೇ ಇರುತ್ತಾರೆ. ಇವರ ಮುಖಕ್ಕೆ ಬೇಗ ವಯಸ್ಸಾಗುವುದಕ್ಕೆ ಬಿಸಿಲೇ ಮೊದಲ ಕಾರಣ. ಬೀಡಿ, ಸಿಗರೇಟು ಸೇದುವವರಿಗೂ ಸುಕ್ಕು ಬೇಗ ಬರುತ್ತದೆ.

ಕ್ರೀಮ್ ಅಂದ್ರೆ ಮೂಲತಃ ನೀರು, ಎಣ್ಣೆ

ನೂರು ರೂಪಾಯಿದಾಗಲಿ ಆರುನೂರರದ್ದಾಗಲಿ, ಕ್ರೀಮ್ ಅಂದ್ರೆ ನೀರು ಮತ್ತು ಎಣ್ಣೆಯನ್ನು ಒಡೆಯದಂತೆ ಕೂಡಿಸಿದ್ದು. ಇದು ಹೊಸ ವಿದ್ಯೆಯೇನಲ್ಲ. ಸುಮಾರು 1,800 ವರ್ಷಗಳ ಹಿಂದೆ ಗ್ರೀಕ್ ವೈದ್ಯ ಗ್ಯಾಲೆನ್ ಜೇನುಮೇಣ, ಆಲಿವ್ ಎಣ್ಣೆ, ಗುಲಾಬಿ ನೀರು ಕಲಸಿ ಮಾಡಿದ್ದ ಎನ್ನಲಾಗುವ ಲೇಪವೇ ಇವತ್ತಿನ ಕೋಲ್ಡ್ ಕ್ರೀಮ್‌ನ ಮೂಲ. ಇವತ್ತಿನ ಡಬ್ಬಿಯಲ್ಲೂ ದೊಡ್ಡ ಪಾಲು ಇದೇ ಸಾಮಾನು, ಹೆಸರು ಮಾತ್ರ ಬೇರೆ.

ಚರ್ಮಕ್ಕೆ ತೇವ ಕೊಡುವ ಸಾಮಾನು ಮೂರು ಬಗೆ.

1. ನೀರು ಹಿಡಿದಿಡುವವು: ಗ್ಲಿಸರಿನ್, ಹೈಅಲುರಾನಿಕ್ ಆಸಿಡ್, ಸಾರ್ಬಿಟಾಲ್, ಯೂರಿಯಾ. ಹೆಸರಲ್ಲಿ ಆಸಿಡ್ ಇದೆ ಅಂತ ಹೈಅಲುರಾನಿಕ್ ಆಸಿಡ್‌ಗೆ ಹೆದರಬೇಕಿಲ್ಲ, ನಮ್ಮ ಚರ್ಮದಲ್ಲೇ ಇರುವ ಪದಾರ್ಥ ಅದು. ಯೂರಿಯಾ ಅಂದ ತಕ್ಷಣ ಗೊಬ್ಬರದ ಚೀಲ ನೆನಪಾಗಬಹುದು. ರಾಸಾಯನಿಕ ಅದೇ ಆದರೂ ಕ್ರೀಮ್‌ಗೆ ಬಳಸುವುದು ಶುದ್ಧಗೊಳಿಸಿದ್ದು. ಹಾಗಂತ ಹೊಲದ ಯೂರಿಯಾ ಕಲಸಿ ಹಚ್ಚೋ ಸಾಹಸ ಬೇಡ.

2. ಚರ್ಮ ಮೆದು ಮಾಡುವವು: ಸ್ಟಿಯರಿಕ್ ಆಸಿಡ್, ಸೆಟೈಲ್ ಆಲ್ಕೋಹಾಲ್, ಶಿಯಾ ಬಟರ್, ಕ್ಯಾಪ್ರಿಲಿಕ್ ಟ್ರೈಗ್ಲಿಸರೈಡ್, ನಮ್ಮ ಕೊಬ್ಬರಿ ಎಣ್ಣೆ. ಇವು ಗೋಡೆಯ ಸಂದಿಗೆ ಗಾರೆ ತುಂಬಿದ ಹಾಗೆ ಕೆಲಸ ಮಾಡುತ್ತವೆ. ಸೆಟೈಲ್ ಆಲ್ಕೋಹಾಲ್ ಸ್ಪಿರಿಟ್ ಥರದ ಆಲ್ಕೋಹಾಲ್ ಅಲ್ಲ, ಮೇಣದಂಥ ಪದಾರ್ಥ. ಅದು ಚರ್ಮ ಒಣಗಿಸುವುದಿಲ್ಲ.

3. ಮೇಲೆ ಮುಚ್ಚಳ ಹಾಕುವವು: ಪೆಟ್ರೋಲಿಯಂ ಜೆಲ್ಲಿ, ಲಿಕ್ವಿಡ್ ಪ್ಯಾರಾಫಿನ್, ಡೈಮೆಥಿಕೋನ್, ಜೇನುಮೇಣ. ಇವು ಒಳಗಿನ ನೀರು ಆವಿಯಾಗದಂತೆ ತಡೆಯುತ್ತವೆ. ಈ ಕೆಲಸದಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವುದು ಕಷ್ಟ. 1872ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ಈ ಜೆಲ್ಲಿಯ ಸಣ್ಣ ಡಬ್ಬಿ ಈಗಲೂ ಎಲ್ಲ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ.

ಇವುಗಳ ಜೊತೆಗೆ ನೀರು, ಎಣ್ಣೆ ಒಡೆಯದಂತೆ ಹಿಡಿಯಲು ಗ್ಲಿಸರಿಲ್ ಸ್ಟಿಯರೇಟ್‌ನಂಥ ಪದಾರ್ಥ, ಬೂಸ್ಟು ಹಿಡಿಯದಂತೆ ಫಿನಾಕ್ಸಿಎಥನಾಲ್ ಅಥವಾ ಪ್ಯಾರಾಬೆನ್ ಹಾಕಿರುತ್ತಾರೆ, ಕೊನೆಗೆ ಪರಿಮಳ. ಬೂಸ್ಟು ತಡೆಯುವ ಪದಾರ್ಥ ಅಂದ ಕೂಡಲೇ ವಿಷ ಅಂದುಕೊಳ್ಳಬೇಡಿ. ನೀರಿರುವ ಕ್ರೀಮ್‌ಗೆ ಅದು ಬೇಕೇ ಬೇಕು. ನಿಯಮದಲ್ಲಿ ಎಷ್ಟು ಹಾಕಬಹುದು ಅಂತ ಮಿತಿ ಇದೆ. ನಿಜ ಹೇಳಬೇಕೆಂದರೆ ತುರಿಕೆ, ಅಲರ್ಜಿ ತರುವುದರಲ್ಲಿ ಪರಿಮಳದ ಪಾಲೇ ಹೆಚ್ಚು.

ಒಂದು ಮಾತು ನೆನಪಿರಲಿ. ಕ್ರೀಮ್ ಹಚ್ಚಿದ ಅರ್ಧ ಗಂಟೆಯಲ್ಲಿ “ಸುಕ್ಕು ಕಡಿಮೆ ಆತು” ಅಂತ ಕಾಣುವುದು ಈ ತೇವದಿಂದ. ಒಣ ದ್ರಾಕ್ಷಿ ನೀರಲ್ಲಿ ಹಾಕಿದರೆ ಉಬ್ಬುತ್ತದಲ್ಲ, ಹಾಗೆ. ಒಣಗಿ ಬಿದ್ದ ಸಣ್ಣ ಗೆರೆ ಇದರಿಂದ ಮಾಯವಾಗುತ್ತವೆ. ಹಚ್ಚೋದು ಬಿಟ್ಟರೆ ಮತ್ತೆ ಬರುತ್ತವೆ. ಆಳದ ಸುಕ್ಕು ಇದರಿಂದ ಹೋಗುವುದಿಲ್ಲ. ತೇವದ ಈ ಲಾಭ ನೂರು ರೂಪಾಯಿ ಕ್ರೀಮ್‌ನಿಂದಲೂ ಸಿಗುತ್ತದೆ.

ನಿಜವಾಗಿ ಕೆಲಸ ಮಾಡುವ ಪದಾರ್ಥ ಯಾವುವು?

ತೇವ ಕೊಡುವುದರ ಮೇಲೆ ಏನಾದರೂ ಹೆಚ್ಚಿನ ಕೆಲಸ ಆಗಬೇಕಾದರೆ ಡಬ್ಬಿ ಹಿಂದೆ ಈ ಕೆಳಗಿನ ಹೆಸರುಗಳಲ್ಲಿ ಒಂದಾದರೂ ಇರಬೇಕು.

ಸನ್‌ಸ್ಕ್ರೀನ್: ಸುಕ್ಕು ಬಾರದಂತೆ ತಡೆಯುವುದರಲ್ಲಿ ಮೊದಲ ಸ್ಥಾನ ಇದಕ್ಕೇ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇತ್ಯಾದಿ ಹೆಸರು ಇರುತ್ತವೆ. ಡಬ್ಬಿ ಮೇಲೆ ಎಸ್‌ಪಿಎಫ್ ಅಂತ ಸಂಖ್ಯೆ ಇರುತ್ತದೆ. ಎಸ್‌ಪಿಎಫ್ 15 ಇದ್ದರೆ ಸುಮಾರು ಶೇ. 93, 30 ಇದ್ದರೆ ಸುಮಾರು ಶೇ. 97, 50 ಇದ್ದರೆ ಸುಮಾರು ಶೇ. 98ರಷ್ಟು ಯುವಿಬಿ ತಡೆಯುತ್ತದೆ. ಅಂದ್ರೆ 30 ಇದ್ದರೆ ಸಾಕು, 50ಕ್ಕೆ ದುಪ್ಪಟ್ಟು ದುಡ್ಡು ಸುರಿಯುವ ಅಗತ್ಯ ಇಲ್ಲ. ಯುವಿಎ ತಡೆಗೆ ‘ಪಿಎ’ ಪಕ್ಕದಲ್ಲಿ ಮೂರು ಪ್ಲಸ್ ಗುರುತು ಇದೆಯಾ ನೋಡಿ. ಆಸ್ಟ್ರೇಲಿಯಾದಲ್ಲಿ 55 ವರ್ಷದೊಳಗಿನ 903 ಮಂದಿಯನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ, ಮನಸ್ಸಿಗೆ ಬಂದಾಗ ಮಾತ್ರ ಹಚ್ಚಿದವರಿಗಿಂತ, ಚರ್ಮದ ಮುಪ್ಪು ಶೇ. 24ರಷ್ಟು ಕಡಿಮೆ ಇತ್ತು.

ರೆಟಿನಾಲ್: ವಿಟಮಿನ್ ಎ ಕುಟುಂಬದ್ದು. ಇದರ ಅಣ್ಣ ಅನ್ನಬಹುದಾದ ಟ್ರೆಟಿನಾಯಿನ್ ಔಷಧಿ ಬಿಸಿಲಿನಿಂದ ಮುಪ್ಪಾದ ಚರ್ಮವನ್ನು ಸುಧಾರಿಸುತ್ತದೆ ಅಂತ 1986ರಲ್ಲೇ ಅಮೆರಿಕದ ವೈದ್ಯರು ಪ್ರಕಟಿಸಿದ್ದರು. 1995ರಲ್ಲಿ ಅಲ್ಲಿ ಇದಕ್ಕೆ ಅನುಮತಿಯೂ ಸಿಕ್ಕಿತು. ಟ್ರೆಟಿನಾಯಿನ್ ವೈದ್ಯರ ಚೀಟಿ ಮೇಲೆ ಮಾತ್ರ ಕೊಡುವಂಥದ್ದು. ಕ್ರೀಮ್‌ಗಳಲ್ಲಿ ಇರುವ ರೆಟಿನಾಲ್ ಅದಕ್ಕಿಂತ ಮೆದು, ನಿಧಾನ. ರಾತ್ರಿ ಮಾತ್ರ ಹಚ್ಚಬೇಕು, ಮೊದಮೊದಲು ವಾರಕ್ಕೆ ಎರಡು ದಿನ ಸಾಕು. ಸ್ವಲ್ಪ ಉರಿ, ಸಿಪ್ಪೆ ಏಳುವುದು ಆಗಬಹುದು. ಗೊತ್ತಾಗುವಂಥ ಫಲ ಬರಲು ಮೂರು ತಿಂಗಳಾದರೂ ಬೇಕು. ಬಸುರಿಯರು, ಮಗು ಆಗಲಿ ಅಂತ ಕಾಯುತ್ತಿರುವವರು ಇದನ್ನು ಬಳಸಬಾರದು. ಅಂಗಡಿಯವರು ಈ ಒಂದು ಮಾತನ್ನು ಕೊಡುವಾಗಲೇ ಹೇಳಿದರೆ ಪುಣ್ಯ ಬರುತ್ತದೆ.

ನಯಾಸಿನಮೈಡ್: ಇದು ವಿಟಮಿನ್ ಬಿ3. ಚರ್ಮದ ಗಾರೆ ಗಟ್ಟಿ ಮಾಡುತ್ತದೆ, ಕಲೆ ಸ್ವಲ್ಪ ತಿಳಿಯಾಗಿಸುತ್ತದೆ, ಸಣ್ಣ ಗೆರೆ ಕಡಿಮೆ ಮಾಡುತ್ತದೆ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 5ರ ನಯಾಸಿನಮೈಡ್ ಅನ್ನು 12 ವಾರ ಹಚ್ಚಿದಾಗ ಈ ಫಲ ಕಂಡಿತ್ತು. ಬಹುತೇಕರ ಚರ್ಮಕ್ಕೆ ಒಗ್ಗುತ್ತದೆ.

ವಿಟಮಿನ್ ಸಿ: ಲೇಬಲ್ ಮೇಲೆ ಆಸ್ಕಾರ್ಬಿಕ್ ಆಸಿಡ್ ಅಂತ ಇರುತ್ತದೆ. ಕೊಲಾಜೆನ್ ತಯಾರಿಗೆ ನೆರವಾಗುತ್ತದೆ. ಆದರೆ ಗಾಳಿ, ಬೆಳಕು ತಾಗಿದರೆ ಬೇಗ ಕೆಡುತ್ತದೆ. ಬಾಯಿ ಅಗಲ ಇರುವ ಪಾರದರ್ಶಕ ಡಬ್ಬಿಯಲ್ಲಿ ಇದ್ದರೆ, ಬಣ್ಣ ಕಂದು ತಿರುಗಿದ್ದರೆ ದುಡ್ಡು ದಂಡ. ಶೋಕೇಸ್‌ನಲ್ಲಿ ಬಿಸಿಲು ಬೀಳುವ ಕಡೆ ಇಂಥ ಬಾಟಲಿ ಇಡಬಾರದು.

ಗ್ಲೈಕಾಲಿಕ್ ಆಸಿಡ್, ಲ್ಯಾಕ್ಟಿಕ್ ಆಸಿಡ್: ಮೇಲಿನ ಒಣ ಪದರ ಉದುರಿಸಿ ಮುಖ ನುಣುಪು ಮಾಡುತ್ತವೆ. ಲ್ಯಾಕ್ಟಿಕ್ ಆಸಿಡ್ ಅಂದ್ರೆ ಮೊಸರಿನ ಹುಳಿಯಲ್ಲಿ ಇರುವಂಥದ್ದೇ. ಇವನ್ನು ಹಚ್ಚಿದರೆ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಸನ್‌ಸ್ಕ್ರೀನ್ ಹಚ್ಚದೆ ಬಿಸಿಲಲ್ಲಿ ದುಡಿಯುವವರಿಗೆ ಇವು ಬೇಡ.

ಪೆಪ್ಟೈಡ್: ಪಾಲ್ಮಿಟಾಯಿಲ್ ಅಂತ ಶುರುವಾಗುವ ಹೆಸರು ಕಂಡರೆ ಅದು ಸಾಮಾನ್ಯವಾಗಿ ಪೆಪ್ಟೈಡ್. ಸಣ್ಣ ಗೆರೆಗೆ ಸ್ವಲ್ಪ ಉಪಯೋಗ ಇರಬಹುದು, ಆದರೆ ರೆಟಿನಾಲ್‌ನಷ್ಟು ಪುರಾವೆ ಇದಕ್ಕಿಲ್ಲ. ಬೆಲೆ ಮಾತ್ರ ಜಾಸ್ತಿ.

ಹೆಸರು ದೊಡ್ಡದು, ಕೆಲಸ ಸಣ್ಣದು

‘ಕೊಲಾಜೆನ್ ಕ್ರೀಮ್’ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಕೊಲಾಜೆನ್ ಕಣ ಎಷ್ಟು ದೊಡ್ಡದು ಅಂದ್ರೆ ಚರ್ಮ ದಾಟಿ ಒಳಗೆ ಇಳಿಯುವುದೇ ಇಲ್ಲ. ಮೇಲೆ ಕೂತು ತೇವ ಹಿಡಿಯುತ್ತದೆ ಅಷ್ಟೇ. ಆ ಕೆಲಸ ಗ್ಲಿಸರಿನ್ ಕೂಡ ಮಾಡುತ್ತದೆ. ಚಿನ್ನದ ಪುಡಿಯಿಂದ ಸುಕ್ಕು ಹೋಗುತ್ತದೆ ಅನ್ನೋದಕ್ಕೂ ಗಟ್ಟಿ ಪುರಾವೆ ಇಲ್ಲ. ಕೇಸರಿ, ಬಾದಾಮಿ, ಚಂದನದ ಚಿತ್ರ ಮುಂದೆ ಇರುತ್ತದೆ, ಹಿಂದೆ ನೋಡಿದರೆ ಅವುಗಳ ಹೆಸರು ಪಟ್ಟಿಯ ಕೊಟ್ಟಕೊನೆಗೆ ಇರುತ್ತದೆ.

ಮನೆಮದ್ದಿನಲ್ಲೂ ಎಚ್ಚರ ಇರಲಿ. ಒಣ ಚರ್ಮದವರಿಗೆ ಸ್ನಾನವಾದ ಮೇಲೆ ಒದ್ದೆ ಮೈಗೆ ಕೊಬ್ಬರಿ ಎಣ್ಣೆ ಹಚ್ಚುವುದು ಒಳ್ಳೆಯದೇ. ಮೊಡವೆ ಇರುವ ಮುಖಕ್ಕೆ ಬೇಡ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು. ಅಡುಗೆ ಸೋಡಾ ಮುಖಕ್ಕೆ ತಿಕ್ಕಿದರೆ ಗಾರೆಯೇ ಕಿತ್ತುಹೋಗುತ್ತದೆ.

ಡಬ್ಬಿ ತಿರುಗಿಸಿ ಓದುವುದು ಹೇಗೆ?

ಕೇಂದ್ರ ಸರ್ಕಾರದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಡಬ್ಬಿಯಲ್ಲಿ ಏನೇನಿದೆ ಅಂತ ಬರೆಯಲೇಬೇಕು. ‘ಇನ್‌ಗ್ರೀಡಿಯೆಂಟ್ಸ್’ ಅನ್ನೋ ಪದ ಹುಡುಕಿ. ಅಲ್ಲಿಂದ ಪಟ್ಟಿ ಶುರು. ಶೇ. 1ಕ್ಕಿಂತ ಹೆಚ್ಚಿಗೆ ಇರುವುದನ್ನೆಲ್ಲ ಜಾಸ್ತಿಯಿಂದ ಕಡಿಮೆ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವುದನ್ನು ಕೊನೆಗೆ ಹೇಗೆ ಬೇಕಾದರೂ ಬರೆಯಬಹುದು. ಹೀಗಾಗಿ ಮೊದಲ ಹೆಸರು ಬಹುತೇಕ ‘ಆಕ್ವಾ’ ಅಥವಾ ‘ವಾಟರ್’, ಅಂದ್ರೆ ನೀರು.

ಒಂದು ಸುಲಭದ ಉಪಾಯ ಇದೆ. ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್ ಎಲ್ಲಿದೆ ನೋಡಿ. ಇದನ್ನು ಶೇ. 1ಕ್ಕಿಂತ ಹೆಚ್ಚಿಗೆ ಹಾಕುವಂತಿಲ್ಲ. ಅಂದ ಮೇಲೆ ಅದರ ನಂತರ ಬರುವ ಕೇಸರಿ, ಬಾದಾಮಿ, ಚಿನ್ನ ಎಲ್ಲವೂ ಶೇ. 1 ಅಥವಾ ಅದಕ್ಕಿಂತ ಕಡಿಮೆ. ನಯಾಸಿನಮೈಡ್ ಅದರ ನಂತರ ಇದ್ದರೆ ಹೆಚ್ಚಿನ ಫಲ ನಿರೀಕ್ಷಿಸಬೇಡಿ. ರೆಟಿನಾಲ್ ಮಾತ್ರ ಇದಕ್ಕೆ ಹೊರತು, ಅದು ಶೇ. 1ಕ್ಕಿಂತ ಕಡಿಮೆ ಇದ್ದರೂ ಕೆಲಸ ಮಾಡುತ್ತದೆ.

ಪಟ್ಟಿ ಜೊತೆಗೆ ಇವೂ ಇರಬೇಕು:

• ತಯಾರಕರ ಹೆಸರು, ಪೂರ್ತಿ ವಿಳಾಸ
• ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್
• ತಯಾರಾದ ದಿನ, ಯಾವಾಗಿನವರೆಗೆ ಬಳಸಬಹುದು ಅನ್ನೋ ದಿನ
• ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನ್ ನಂಬರ್
• ಹೊರದೇಶದ ಮಾಲಾದರೆ ಆಮದು ನೋಂದಣಿ ಸಂಖ್ಯೆ, ಆಮದುದಾರರ ಹೆಸರು, ವಿಳಾಸ

ಇಂಗ್ಲಿಷ್ ಓದಲು ಬಾರದಿದ್ದರೆ ನಾಚಿಕೆ ಬೇಡ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗ, ಮಗಳು ಇದ್ದರೆ ಅವರ ಕೈಗೆ ಡಬ್ಬಿ ಕೊಟ್ಟು ಓದಿಸಿ.

ಏಳು ದಿನದಲ್ಲಿ ಬೆಳ್ಳಗಾದರೆ ಖುಷಿಪಡಬೇಡಿ, ಹೆದರಿ

ಮೇಲೆ ಹೇಳಿದ ಯಾವ ಒಳ್ಳೆಯ ಪದಾರ್ಥವೂ ವಾರದಲ್ಲಿ ಮುಖ ಬೆಳ್ಳಗೆ ಮಾಡುವುದಿಲ್ಲ, ಸುಕ್ಕು ಅಳಿಸುವುದಿಲ್ಲ. ಯಾವುದಾದರೂ ಕ್ರೀಮ್ ನಾಲ್ಕು ದಿನಕ್ಕೇ ಮುಖ ಬೆಳ್ಳಗೆ, ನುಣ್ಣಗೆ ಮಾಡಿತು ಅಂದ್ರೆ ಅದರಲ್ಲಿ ಸ್ಟಿರಾಯ್ಡ್ ಅಥವಾ ಪಾದರಸ ಇರುವ ಸಾಧ್ಯತೆ ಬಹಳ.

ಸ್ಟಿರಾಯ್ಡ್ ಕ್ರೀಮ್ ಅಂದ್ರೆ ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್, ಫ್ಲೂಸಿನೊಲೋನ್ ಇತ್ಯಾದಿ. ಇವು ಚರ್ಮರೋಗಕ್ಕೆ ವೈದ್ಯರು ಹೇಳಿದಷ್ಟು ದಿನ ಹಚ್ಚುವ ಔಷಧಿಗಳು. ಆದರೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಸ್ಟಿರಾಯ್ಡ್ ಸೇರಿಸಿದ ಟ್ಯೂಬ್‌ಗಳನ್ನು ಜನ ಸ್ನೋ ಪೌಡರ್ ಥರ ತಿಂಗಳುಗಟ್ಟಲೆ ಹಚ್ಚುತ್ತಾರೆ. ಮೊದಲು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ನರ ಎದ್ದು ಕಾಣುತ್ತವೆ, ಮೊಡವೆ ಏಳುತ್ತವೆ, ಹೆಣ್ಣುಮಕ್ಕಳ ಮುಖದಲ್ಲಿ ಕೂದಲು ಬೆಳೆಯುತ್ತದೆ. ಹಚ್ಚೋದು ಬಿಟ್ಟರೆ ಮುಖ ಕೆಂಡದಂತೆ ಉರಿಯುತ್ತದೆ. ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ, ಅಲ್ಲಿಗೆ ಚಟ ಅಂಟಿದ ಹಾಗೆ. ಚರ್ಮ ವೈದ್ಯರ ಸಂಘದವರು ಇದರ ವಿರುದ್ಧ ಬಹಳ ವರ್ಷದಿಂದ ದನಿ ಎತ್ತುತ್ತಾ ಬಂದರು. 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟಿರಾಯ್ಡ್ ಔಷಧಿಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಆದೇಶಿಸಿತು.

ಪಾದರಸದ ಕಥೆ ಇನ್ನೂ ಕೆಟ್ಟದು. ಕಾಸ್ಮೆಟಿಕ್ಸ್‌ನಲ್ಲಿ ಪಾದರಸ ಹಾಕುವಂತಿಲ್ಲ. ಗೊತ್ತಿಲ್ಲದೆ ಸೇರಿದ್ದರೂ ಮುಖದ ಕ್ರೀಮ್‌ನಲ್ಲಿ ಹತ್ತು ಲಕ್ಷ ಭಾಗಕ್ಕೆ ಒಂದು ಭಾಗ ಮೀರಬಾರದು. ಕಳ್ಳ ಮಾಲಿನಲ್ಲಿ ಇದನ್ನು ಪಾಲಿಸುವವರು ಯಾರು? ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರಿಂದ 2023ರ ನಡುವೆ ವೈದ್ಯರು ಕಿಡ್ನಿಯ ಒಂದು ಬಗೆಯ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗೆ ಅಪರೂಪದ ಒಂದೇ ಮಾದರಿ ಕಂಡಿತು. ವಿಚಾರಿಸಿದರೆ ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಹಚ್ಚುತ್ತಿದ್ದರು. ಕ್ರೀಮ್ ಬಿಟ್ಟ ಮೇಲೆ ಹೆಚ್ಚಿನವರು ಸುಧಾರಿಸಿದರು.

ಪಾದರಸದ ಹೆಸರು ಲೇಬಲ್ ಮೇಲೆ ಸಾಮಾನ್ಯವಾಗಿ ಇರುವುದೇ ಇಲ್ಲ. ಆದರೂ ಕೆಲವು ಸುಳಿವು ಇವೆ. “ಚಿನ್ನ, ಬೆಳ್ಳಿ ಒಡವೆಗೆ ತಾಗಿಸಬೇಡಿ” ಅಂತ ಬರೆದಿದ್ದರೆ ಅನುಮಾನಪಡಿ, ಪಾದರಸ ಚಿನ್ನಕ್ಕೆ ಅಂಟುತ್ತದೆ. ಕ್ಯಾಲೊಮೆಲ್, ಮರ್ಕ್ಯುರಿಕ್, ಮರ್ಕ್ಯುರಸ್ ಅನ್ನೋ ಪದ ಕಂಡರೆ ಬಿಟ್ಟುಬಿಡಿ. ವಿಳಾಸ ಇಲ್ಲದ, ಲೈಸೆನ್ಸ್ ನಂಬರ್ ಇಲ್ಲದ, ಪಟ್ಟಿಯೇ ಇಲ್ಲದ ಹೊರದೇಶದ ಡಬ್ಬಿ ಎಷ್ಟೇ ಚೆಂದ ಇರಲಿ, ಬೇಡ. ಹಚ್ಚಿದವರಿಗಷ್ಟೇ ಅಪಾಯ ಅಂದುಕೊಳ್ಳಬೇಡಿ. ಒಂದೇ ಟವೆಲ್, ಒಂದೇ ದಿಂಬು ಬಳಸಿದರೆ ಮನೆಯ ಕೂಸಿಗೂ ತಗಲುತ್ತದೆ. ಮುಖ, ಕಾಲು ಊದಿಕೊಂಡರೆ, ಮೂತ್ರದಲ್ಲಿ ನೊರೆ ಬಂದರೆ ತಡ ಮಾಡದೆ ವೈದ್ಯರಿಗೆ ತೋರಿಸಿ, ಹಚ್ಚುತ್ತಿದ್ದ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಸ್ಟಿರಾಯ್ಡ್ ಟ್ಯೂಬ್ ಬಹಳ ದಿನದಿಂದ ಹಚ್ಚುತ್ತಿದ್ದವರು ಮುಚ್ಚಿಡದೆ ಚರ್ಮ ವೈದ್ಯರಿಗೆ ಹೇಳಬೇಕು. ತಾಲ್ಲೂಕಿನಲ್ಲಿ ಸಿಗದಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಮುಖ ನಿಧಾನಕ್ಕೆ ಸುಧಾರಿಸುತ್ತದೆ.

ಅಂಗಡಿಕಾರರು ಗಮನಿಸಬೇಕಾದ್ದು

“ಏಜೆಂಟ್ ತಂದುಕೊಟ್ಟ, ನಾವು ಮಾರಿದ್ವಿ, ನಮಗೇನ್ ಗೊತ್ತು?” ಅನ್ನೋ ಮಾತು ಕಾನೂನಿನ ಮುಂದೆ ಸುಲಭಕ್ಕೆ ನಿಲ್ಲುವುದಿಲ್ಲ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ ಪ್ರಕಾರ ನಕಲಿ ಕಾಸ್ಮೆಟಿಕ್ಸ್ ತಯಾರಿಸುವುದು ಮಾತ್ರ ಅಲ್ಲ, ಮಾರುವುದೂ ಅಪರಾಧ. ಮೂರು ವರ್ಷದವರೆಗೆ ಜೈಲು, ಕನಿಷ್ಠ 50 ಸಾವಿರ ರೂಪಾಯಿ ಅಥವಾ ಜಪ್ತಿಯಾದ ಮಾಲಿನ ಬೆಲೆಯ ಮೂರು ಪಟ್ಟು, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ದಂಡ ಬೀಳಬಹುದು.

ಅದೇ ಕಾಯ್ದೆಯಲ್ಲಿ ಪ್ರಾಮಾಣಿಕ ವ್ಯಾಪಾರಿಗೆ ರಕ್ಷಣೆಯೂ ಇದೆ. ಲೈಸೆನ್ಸ್ ಇರುವ ತಯಾರಕರಿಂದ ಅಥವಾ ವಿತರಕರಿಂದ ಕೊಂಡದ್ದು, ಮಾಲಿನ ದೋಷ ತನಗೆ ತಿಳಿಯುವ ಹಾಗಿರಲಿಲ್ಲ, ಸರಿಯಾಗಿ ಇಟ್ಟಿದ್ದೆ ಅಂತ ತೋರಿಸಿದರೆ ಬಚಾವಾಗಬಹುದು. ಇದನ್ನು ತೋರಿಸಲು ಬೇಕಾದ್ದು ಒಂದೇ, ಖರೀದಿ ಬಿಲ್ಲು. ಬಿಲ್ ಇಲ್ಲದ ಮಾಲು ಹತ್ತು ರೂಪಾಯಿ ಅಗ್ಗ ಸಿಕ್ಕಿತು ಅಂತ ಇಟ್ಟುಕೊಂಡರೆ ಮುಂದೆ ತಲೆ ಮೇಲೆ ಕೈ ಇಟ್ಟುಕೊಳ್ಳಬೇಕಾಗುತ್ತದೆ.

ಇನ್ನು ಮೂರು ಮಾತು. ಸ್ಟಿರಾಯ್ಡ್ ಟ್ಯೂಬ್ ಮಾರುವುದು ಮೆಡಿಕಲ್ ಶಾಪ್ ಕೆಲಸ, ಅದೂ ವೈದ್ಯರ ಚೀಟಿ ಇದ್ದರೆ. ಫ್ಯಾನ್ಸಿ ಸ್ಟೋರ್‌ನಲ್ಲಿ, ಕಿರಾಣಿ ಅಂಗಡಿಯಲ್ಲಿ ಅದು ಇರಲೇಬಾರದು. ಎರಡನೆಯದು, ನಾಲ್ಕಾರು ಕ್ರೀಮ್ ಕಲಸಿ ಖಾಲಿ ಡಬ್ಬಿಗೆ ತುಂಬಿ ‘ಫಾರ್ಮುಲಾ ಕ್ರೀಮ್’ ಅಂತ ಯಾರೇ ತಂದುಕೊಟ್ಟರೂ ಇಡಬೇಡಿ. ಮೂರನೆಯದು, ಅವಧಿ ಮುಗಿದ ಡಬ್ಬಿ ರಿಯಾಯಿತಿಗೂ ಬೇಡ. ಅನುಮಾನದ ಮಾಲು ಬಂದರೆ ಔಷಧ ನಿಯಂತ್ರಣ ಇಲಾಖೆಯ ಜಿಲ್ಲಾ ಕಚೇರಿಗೆ ತಿಳಿಸಬಹುದು. ಗ್ರಾಹಕರು ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಹಚ್ಚುವುದು ಹೇಗೆ?

ಹೊಸ ಕ್ರೀಮ್ ತಂದ ದಿನವೇ ಮುಖಕ್ಕೆ ಬಳಿಯಬೇಡಿ. ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಎರಡು ಮೂರು ದಿನ ನೋಡಿ. ತುರಿಕೆ, ಕೆಂಪು ಆಗದಿದ್ದರೆ ಮುಂದುವರಿಸಿ.

ಬೆಳಗ್ಗೆ ಮುಖ ತೊಳೆದು ನೀರಾರುವ ಮುಂಚೆ, ಚರ್ಮ ಇನ್ನೂ ತಂಪಿರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ಅದರ ಮೇಲೆ ಸನ್‌ಸ್ಕ್ರೀನ್. ಮುಖ, ಕುತ್ತಿಗೆಗೆ ಎರಡು ಬೆರಳಿನ ಉದ್ದಕ್ಕೆ ಬರುವಷ್ಟು ಬೇಕು. ಕಡಲೆಕಾಳಿನಷ್ಟು ಹಚ್ಚಿದರೆ ಡಬ್ಬಿ ಮೇಲಿನ ಸಂಖ್ಯೆಗೆ ಅರ್ಥ ಇಲ್ಲ. ಬಿಸಿಲಲ್ಲೇ ಇರುವವರು ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ದಿನಗೂಲಿ ಮಾಡುವವರಿಗೆ ಇಷ್ಟೆಲ್ಲ ಖರ್ಚು ಆಗದ ಮಾತು. ಅವರಿಗೆ ಅಗಲ ಅಂಚಿನ ಟೋಪಿ, ಮುಖಕ್ಕೆ ನೆರಳು ಬೀಳುವಂತೆ ಹೊದ್ದ ಸೆರಗು ಅಥವಾ ಟವೆಲ್, ತುಂಬುತೋಳಿನ ಅಂಗಿ, ಮಟಮಟ ಮಧ್ಯಾಹ್ನ ಮರದ ನೆರಳು ಬಹಳ ಮಟ್ಟಿಗೆ ಆ ಕೆಲಸ ಮಾಡುತ್ತವೆ. ರಾತ್ರಿಗೆ ಮುಖ ತೊಳೆದು ಮಾಯಿಶ್ಚರೈಸರ್, ಬೇಕಿದ್ದವರಿಗೆ ರೆಟಿನಾಲ್.

ಇಷ್ಟಾದರೂ ಆಳದ ಸುಕ್ಕು ಪೂರ್ತಿ ಅಳಿಸುವ ಕ್ರೀಮ್ ಇಲ್ಲ. ಇರುವ ತೇವ ಉಳಿಸುವುದು, ಸಣ್ಣ ಗೆರೆ ತಗ್ಗಿಸುವುದು, ಬರುವ ಸುಕ್ಕನ್ನು ತಡ ಮಾಡುವುದು, ಕ್ರೀಮ್ ಕೈಯಲ್ಲಿ ಆಗುವುದು ಇಷ್ಟು. ಅದಕ್ಕಿಂತ ಜಾಸ್ತಿ ಕೊಡ್ತೀನಿ ಅನ್ನೋ ಡಬ್ಬಿ ಒಂದೋ ಸುಳ್ಳು ಹೇಳುತ್ತಿದೆ, ಇಲ್ಲವೇ ಅದರೊಳಗೆ ಹೇಳದೇ ಇರುವ ಇನ್ನೇನೋ ಇದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನೂರರದ್ದಕ್ಕೂ ಆರುನೂರರದ್ದಕ್ಕೂ ಏನು ಫರಕ್? ಎರಡೂ ಡಬ್ಬಿ ಪಕ್ಕಪಕ್ಕ ಇಟ್ಟು ಹಿಂದಿನ ಪಟ್ಟಿ ನೋಡಿ. ಆರುನೂರರದ್ದರಲ್ಲಿ ರೆಟಿನಾಲ್, ಸಾಕಷ್ಟು ನಯಾಸಿನಮೈಡ್ ಅಥವಾ ಎಸ್‌ಪಿಎಫ್ 30 ಇದ್ದರೆ ಫರಕ್ ಇದೆ. ನೀರು, ಗ್ಲಿಸರಿನ್, ಪ್ಯಾರಾಫಿನ್, ಕೊನೆಗೊಂದು ಚಿಟಿಕೆ ಕೇಸರಿ ಮಾತ್ರ ಇದ್ದರೆ ನೂರರದ್ದೇ ತಗೊಳ್ಳಿ. ಉಳಿದ ಐನೂರರಲ್ಲಿ ಒಂದು ಸನ್‌ಸ್ಕ್ರೀನ್ ಬರುತ್ತದೆ.